ಬಿಳಿಕಲ್ಲಿನ ಸಾಲು, ಬಂಗಾರದ ಲೆಕ್ಕ

ಓದುಗರ ಪ್ರಶ್ನೆ – ಭೂವಿಜ್ಞಾನ ವಿಭಾಗದ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವು. ಹೆಚ್ಚಿನವು ಬೆಣಚುಕಲ್ಲಿನ, ಅಂದರೆ ಬಿಳಿಕಲ್ಲಿನ (ಕ್ವಾರ್ಟ್ಜ್) ಬಗ್ಗೆ. ದಯವಿಟ್ಟು ಕಲ್ಲನ್ನು ಲಕೋಟೆಯಲ್ಲಿ ಹಾಕಿ ಕಳಿಸಬೇಡಿ. ಅದು ಎಲ್ಲಿತ್ತು, ನೆಲಕ್ಕೆ ಕಚ್ಚಿಕೊಂಡಿತ್ತೋ ಬಿಡಿಯಾಗಿ ಬಿದ್ದಿತ್ತೋ, ಪಕ್ಕದ ಕಲ್ಲಿನ ಬಣ್ಣ ಯಾವುದು, ಸಾಲು ಯಾವ ದಿಕ್ಕಿಗೆ ಓಡಿದೆ ಎಂದು ಬರೆದರೆ ಕಲ್ಲಿಗಿಂತ ಅದೇ ಹೆಚ್ಚು ಉಪಯೋಗ.

ಪ್ರಶ್ನೆ: ನಮ್ಮ ಹೊಲದ ಬದುವಿಗೆ ಹೊಂದಿಕೊಂಡು ಬಿಳಿಕಲ್ಲಿನ ಸಾಲೊಂದು ಹಾದುಹೋಗಿದೆ. ಒಂದು ಕಡೆ ಮೊಳ ಅಗಲ, ಇನ್ನೊಂದು ಕಡೆ ಎರಡು ಮೊಳ. ಊಟಿ ಬಂಗಾರದ ಗಣಿ ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಇದೂ ಬಂಗಾರದ ಕಲ್ಲೇ ಅಂತ ಊರವರ ಮಾತು. ತಿಳಿಯುವುದು ಹೇಗೆ?
– ರೈತರು, ದೇವದುರ್ಗ ತಾಲ್ಲೂಕು

ಉತ್ತರ: ಬಿಳಿಕಲ್ಲನ್ನು ಆಮೇಲೆ ನೋಡಿದರಾಯಿತು, ಮೊದಲು ಅದರ ಎಡಬಲದ ಕಲ್ಲು ನೋಡಿ. ರಾಯಚೂರು ಜಿಲ್ಲೆಯ ಬಹುಪಾಲು ನೆಲ ಗ್ರಾನೈಟ್ ಮತ್ತು ನೈಸ್. ತಿಳಿ ಬೂದು ಇಲ್ಲವೇ ಗುಲಾಬಿ ಬಣ್ಣ, ಕಾಳು ಕಾಳಾಗಿ ಕಾಣುವ ಮೈ. ಇದರ ನಡುವೆ ಹಾಯುವ ದಪ್ಪ ಬಿಳಿ ಸಾಲುಗಳು, ಕೆಲವು ಕಡೆ ದಿಬ್ಬದ ಬೆನ್ನೆಲುಬಿನಂತೆ ಎದ್ದು ನಿಂತವು, ನೋಡಲು ಎಷ್ಟೇ ಚಂದ ಇದ್ದರೂ ಬಂಗಾರದ ಮಟ್ಟಿಗೆ ಸಾಮಾನ್ಯವಾಗಿ ಬರಡು.

ಹಟ್ಟಿ, ಊಟಿ, ಹೀರಾಬುದ್ದಿನ್ನಿ, ವಂದಲಿಯಂಥ ಬಂಗಾರದ ಜಾಗಗಳು ಇರುವುದು ಹಟ್ಟಿ–ಮಸ್ಕಿ ಷಿಸ್ಟ್ (ಪದರ ಪದರವಾಗಿ ಸೀಳುವ ಕಲ್ಲು) ಪಟ್ಟಿಯಲ್ಲಿ. ಅಲ್ಲಿನ ಮುಖ್ಯ ಕಲ್ಲು ಕಪ್ಪು ಹಸಿರು. ಹಳೆಯ ಲಾವಾ ಶಾಖಕ್ಕೂ ಒತ್ತಡಕ್ಕೂ ಸಿಕ್ಕು ಆಂಫಿಬೋಲೈಟ್ ಆದದ್ದು. ಬಿಸಿಲು ಮಳೆಗೆ ಅದರ ಹೊರಮೈ ಕಂದಾಗಿರುತ್ತದೆ. ಹಾಗಾಗಿ ಸುತ್ತಿಗೆಯಿಂದ ಒಡೆದ ಹೊಸ ಮುಖ ನೋಡಬೇಕು. ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಸೂಜಿಯಂಥ ಕರಿ ಹರಳುಗಳು ಒಂದೇ ದಿಕ್ಕಿಗೆ ಮಲಗಿ ಒಟ್ಟಿಗೆ ಮಿಂಚುತ್ತವೆ. ಇಲ್ಲೊಂದು ಮೋಸವಿದೆ: ಗ್ರಾನೈಟ್ ಸೀಳಿಕೊಂಡು ಬಂದ ಡೊಲರೈಟ್ ಡೈಕ್ (ಬಿರುಕಿನಲ್ಲಿ ಗೋಡೆಯಂತೆ ಗಟ್ಟಿಯಾದ ಶಿಲಾರಸ) ಕೂಡ ಕರಿಕಲ್ಲೇ. ಬಳ್ಳಾರಿ ಹತ್ತಿರದ ಕುಪ್ಪಗಲ್ಲು ಗುಡ್ಡದ ಮೇಲೆ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳು ಅಂಥ ಡೈಕಿನವು. ಡೊಲರೈಟಿನಲ್ಲಿ ಹರಳುಗಳು ಸಾಲು ಹಿಡಿದು ಮಲಗಿರುವುದಿಲ್ಲ, ದಿಕ್ಕಾಪಾಲಾಗಿ ಹೆಣೆದುಕೊಂಡಿರುತ್ತವೆ. ಅದರ ಪಕ್ಕದ ಬಿಳಿಸಾಲಿಗೆ ಹಟ್ಟಿಯ ನೆಂಟಸ್ತಿಕೆ ಕಟ್ಟಬೇಡಿ.

ಎಡಬಲದ ಕಲ್ಲು ನಿಜವಾಗಿ ಷಿಸ್ಟ್ ಪಟ್ಟಿಯ ಆ ಕಪ್ಪು ಹಸಿರು ಕಲ್ಲೇ ಆಗಿದ್ದರೆ ಈಗ ಬೆಣಚನ್ನು ನೋಡಿ. ಕಲ್ಲುಸಕ್ಕರೆಯ ಗಡ್ಡೆಯಂತೆ ಒಂದೇ ಸಮ ಬಿಳಿ ಇದ್ದರೆ ಆಸೆ ಕಡಿಮೆ. ಹೊಗೆ ಬೂದು ಅಥವಾ ನಸುನೀಲಿ ಛಾಯೆ ಇದ್ದು, ಹಳೆ ಲೆಕ್ಕದ ಪುಸ್ತಕದ ಅಂಚಿನ ಹಾಗೆ ತೆಳು ಕರಿಗೆರೆಗಳು ಒತ್ತೊತ್ತಾಗಿದ್ದರೆ ಗಮನ ಕೊಡಿ. ಬಿರುಕು ಮತ್ತೆ ಮತ್ತೆ ಬಾಯಿಬಿಟ್ಟು, ಪ್ರತಿ ಸಲವೂ ಬೆಣಚು ತುಂಬಿಕೊಂಡಾಗ ಗೋಡೆಯ ಕಲ್ಲಿನ ಸಿಪ್ಪೆ ಸಿಕ್ಕಿಹಾಕಿಕೊಂಡದ್ದು ಆ ಗೆರೆ. ತುಕ್ಕು ಬಣ್ಣದ ಚೌಕ ತೂತುಗಳಿದ್ದರೆ ಅಲ್ಲಿ ಹಿಂದೆ ಪೈರೈಟ್ (ಬಂಗಾರದಂತೆ ಹೊಳೆಯುವ ಕಬ್ಬಿಣ–ಗಂಧಕದ ಖನಿಜ) ಇತ್ತು, ಕರಗಿಹೋಗಿದೆ. ಬೆಳ್ಳಿಬಿಳುಪಿನ, ವಜ್ರಾಕೃತಿಯ ಹರಳು ಕಂಡು, ಸುತ್ತಿಗೆ ಬಿದ್ದ ಕೂಡಲೇ ಬೆಳ್ಳುಳ್ಳಿ ವಾಸನೆ ಬಂದರೆ ಅದು ಆರ್ಸೆನೋಪೈರೈಟ್. ಬಂಗಾರಕ್ಕೆ ಒಳ್ಳೆಯ ಗುರುತು, ಮನುಷ್ಯರಿಗೆ ಕೆಟ್ಟದ್ದು. ಅದನ್ನು ಒಲೆಯಲ್ಲಿ ಸುಟ್ಟು ನೋಡುವ ಸಾಹಸ ಬೇಡವೇ ಬೇಡ, ಆ ಹೊಗೆಯಲ್ಲಿರುವುದು ಪಾಷಾಣ.

ಇನ್ನೊಂದು ಮಾತು. ಹಟ್ಟಿಯಲ್ಲಿ ಬಂಗಾರ ಬೆಣಚಿನಲ್ಲಷ್ಟೇ ಇಲ್ಲ, ಬೆಣಚಿಗೆ ಅಂಟಿಕೊಂಡು ಕಂದುಕಪ್ಪು ಅಭ್ರಕವಾಗಿ, ಅಂದರೆ ಬಯೋಟೈಟ್ ಆಗಿ ಮಾರ್ಪಟ್ಟ ಗೋಡೆಯ ಕಲ್ಲಿನಲ್ಲೂ ಇದೆ. ಬಿಳಿಕಲ್ಲು ಮಾತ್ರ ಆರಿಸಿಕೊಂಡು ಹೋದವನು ಅರ್ಧ ವಿಷಯ ನೆಲದಲ್ಲೇ ಬಿಟ್ಟಂತೆ.

ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅಗೆಯಲು ಬೇಕು. 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಗಣಿಗಾರಿಕೆಯಷ್ಟೇ ಅಲ್ಲ, ಖನಿಜ ಅನ್ವೇಷಣೆಯೂ ಅಪರಾಧ. ಪಟ್ಟಾ ಜಮೀನು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಶಿಕ್ಷೆ ಐದು ವರ್ಷದವರೆಗೆ ಸೆರೆ ಮತ್ತು ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ಸರ್ವೆ ನಂಬರ್, ಸಾಲಿನ ದಿಕ್ಕು, ಅಗಲ, ನಾಲ್ಕು ಫೋಟೊ ಇಟ್ಟು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ನಿಮ್ಮ ಹೊಲ ಷಿಸ್ಟ್ ಪಟ್ಟಿಯೊಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಜಾಲತಾಣದ ನಕ್ಷೆಯಲ್ಲಿ ದುಡ್ಡು ಕೊಡದೆ ನೋಡಬಹುದು.

ಪ್ರಶ್ನೆ: ಬೋರ್ ಕೊರೆಸುವಾಗ 310 ಅಡಿಯಲ್ಲಿ ಹಳದಿ ಹೊಳಪಿನ ಪುಡಿ ಬಂತು. ಒಂದು ಡಬ್ಬಿ ತುಂಬಿಟ್ಟಿದ್ದೇವೆ. ಬಂಗಾರವೇ?
– ಕುಷ್ಟಗಿ

ಉತ್ತರ: ಒಂದು ಚಮಚ ಪುಡಿಯನ್ನು ಅಗಲ ತಟ್ಟೆಯಲ್ಲಿ ಹಾಕಿ ನೀರು ಬಿಟ್ಟು ಅಲುಗಿಸಿ. ಹೊಳೆಯುವ ಚೂರುಗಳು ಎದ್ದು ನೀರಿನೊಂದಿಗೆ ಸುತ್ತಿದರೆ ಅದು ಸವೆದ ಬಯೋಟೈಟ್ ಅಭ್ರಕ, ಗ್ರಾನೈಟ್ ಸೀಮೆಯ ಬೋರಿನಲ್ಲಿ ಸರ್ವೇಸಾಮಾನ್ಯ. ತಳದಲ್ಲಿ ಉಳಿದರೆ ಹೊಲಿಗೆ ಸೂಜಿಯಿಂದ ಒಂದು ಕಣ ಒತ್ತಿ. ಪುಡಿಯಾದರೆ ಪೈರೈಟ್. ಬಂಗಾರ ಒಡೆಯುವುದಿಲ್ಲ, ಮೇಣದಂತೆ ತಗ್ಗು ಬೀಳುತ್ತದೆ. ಕಣ ದೊಡ್ಡದಿದ್ದರೆ ಬಚ್ಚಲ ಟೈಲ್ಸಿನ ಹಿಂಬದಿಯ ಒರಟು ಮೈಗೆ ಉಜ್ಜಿ: ಪೈರೈಟ್ ಹಸಿರುಗಪ್ಪು ಗೆರೆ ಬಿಡುತ್ತದೆ, ಬಂಗಾರ ಹಳದಿ ಗೆರೆಯನ್ನೇ ಬಿಡುತ್ತದೆ. ನೆರಳಲ್ಲಿ ಹಿಡಿದು ನೋಡುವುದೂ ಒಂದು ಉಪಾಯ. ಅಭ್ರಕ, ಪೈರೈಟ್ ಬಿಸಿಲಿನ ಕೋನ ಬದಲಾದರೆ ಮಂಕಾಗುತ್ತವೆ, ಬಂಗಾರ ಎಲ್ಲ ಕಡೆಯಿಂದಲೂ ಒಂದೇ ಬಣ್ಣ.

ಬೋರ್ ಗಾಡಿಯ ರಾಡ್ ಜೋಡಿಸುವ ಕಡೆ ಹಚ್ಚುವ ಕೆಲವು ಗ್ರೀಸುಗಳಲ್ಲಿ ತಾಮ್ರದ ಪುಡಿ ಇರುತ್ತದೆ ಎಂಬುದೂ ನೆನಪಿರಲಿ. ಇನ್ನು 310 ಅಡಿ ಎಂಬ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಗಾಳಿಯ ಒತ್ತಡಕ್ಕೆ ಮೇಲಿನ ಗೋಡೆಯಿಂದ ಉದುರಿದ ಪುಡಿಯೂ ಅದರೊಂದಿಗೇ ಬರುತ್ತದೆ.

ಪ್ರಶ್ನೆ: ಎಂ.ಎಸ್ಸಿ. ಮುಗಿಸಿ ಪರವಾನಗಿ ಪಡೆದ ಒಂದು ಅನ್ವೇಷಣಾ ತಂಡದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಒಂದೇ ಬೆಣಚು ಸಿರೆಯಿಂದ (ಬಿಳಿಕಲ್ಲಿನ ಸಾಲಿನಿಂದ) ಆರಿಸಿದ ಕಲ್ಲಿಗೆ ಟನ್ನಿಗೆ 38 ಗ್ರಾಂ ಬಂಗಾರ ಎಂದು ವರದಿ ಬಂತು. ಅದೇ ಜಾಗದಲ್ಲಿ ಚಾನೆಲ್ ಮಾದರಿ (ಸಿರೆಗೆ ಅಡ್ಡಲಾಗಿ ಕಾಲುವೆಯಂತೆ ಕಡಿದ ಕಲ್ಲು) ತೆಗೆದಾಗ 2.4 ಗ್ರಾಂ. ಚಾನೆಲ್ ಮಾದರಿಯ ಉಳಿದ ಪುಡಿಯನ್ನೇ ಮತ್ತೊಮ್ಮೆ ಕಳಿಸಿದರೆ 6.1. ಪ್ರಯೋಗಾಲಯದ ತಪ್ಪೋ, ನಮ್ಮದೋ?
– ಲಿಂಗಸುಗೂರು

ಉತ್ತರ: ಪ್ರಯೋಗಾಲಯವನ್ನು ಬೈಯುವ ಮೊದಲು ಒಂದು ಲೆಕ್ಕ ಮಾಡಿ. ಅರ್ಧ ಮಿಲಿಮೀಟರ್ ಅಡ್ಡಳತೆಯ, ಅಂದರೆ ಸಣ್ಣ ಸಾಸಿವೆಗಿಂತಲೂ ಚಿಕ್ಕದಾದ ಒಂದು ಬಂಗಾರದ ಗುಂಡಿನ ತೂಕ ಸುಮಾರು 1.26 ಮಿಲಿಗ್ರಾಂ. ಫೈರ್ ಅಸ್ಸೇಗೆ, ಅಂದರೆ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಬಂಗಾರ ಬೇರ್ಪಡಿಸಿ ಅಳೆಯುವ ಪರೀಕ್ಷೆಗೆ, ತೆಗೆದುಕೊಳ್ಳುವುದು ಸಾಮಾನ್ಯವಾಗಿ 30 ಅಥವಾ 50 ಗ್ರಾಂ ಪುಡಿ. 30 ಗ್ರಾಮಿನಲ್ಲಿ ಆ ಒಂದು ಗುಂಡು ಬಂದು ಬಿದ್ದರೆ ವರದಿ ಟನ್ನಿಗೆ 42 ಗ್ರಾಂ ಎನ್ನುತ್ತದೆ. ಬೀಳದಿದ್ದರೆ ಸೊನ್ನೆಯ ಹತ್ತಿರ. ಅದೇ ಗುಂಡು 10 ಕಿಲೋ ಮಾದರಿಯಲ್ಲಿ ಒಂದೇ ಒಂದಿದ್ದರೆ ನಿಜವಾದ ಪ್ರಮಾಣ 0.13 ಗ್ರಾಂ ಅಷ್ಟೇ. ನಿಮ್ಮ 2.4 ಮತ್ತು 6.1ರ ನಡುವಿನ ಅಂತರಕ್ಕೆ ಮೊದಲ ಅನುಮಾನ ಇದರ ಮೇಲೆ: ಸಿರೆಯಲ್ಲಿ ದಪ್ಪಕಣದ ಬಂಗಾರವಿದೆ. ಬಂಗಾರ ಮೆದು. ಗಿರಣಿಯಲ್ಲಿ ಪುಡಿಯಾಗುವುದಿಲ್ಲ, ಚಪ್ಪಟೆಯಾಗಿ ಹಾಳೆಯಂತಾಗುತ್ತದೆ. ಹಾಗಾಗಿ ಕಲ್ಲು 75 ಮೈಕ್ರಾನಿಗೆ ಅರೆದರೂ ಬಂಗಾರ ಸಮನಾಗಿ ಹರಡುವುದಿಲ್ಲ.

ಪರಿಹಾರ ಇದೆ. ಮುಂದಿನ ಸಲ ಸಾದಾ ಅಸ್ಸೇ ಬದಲು ಸ್ಕ್ರೀನ್ ಫೈರ್ ಅಸ್ಸೇ ಕೇಳಿ. ಸುಮಾರು ಒಂದು ಕಿಲೋ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಾಯಿಸಿ, ಮೇಲೆ ಉಳಿದದ್ದನ್ನು ಒಂದು ಚೂರೂ ಬಿಡದೆ ಪೂರ್ತಿ ಪರೀಕ್ಷಿಸುತ್ತಾರೆ. ಕೆಳಗೆ ಬಿದ್ದದ್ದರಿಂದ ಎರಡು ಮಾದರಿ ತೆಗೆಯುತ್ತಾರೆ. ತೂಕದ ಪ್ರಕಾರ ಕೂಡಿಸಿದರೆ ಬರುವ ಅಂಕಿ ಹೆಚ್ಚು ಭರವಸೆಯದು. ಖರ್ಚು ಜಾಸ್ತಿ, ಆದ್ದರಿಂದ ಸಿರೆಯ ಮಾದರಿಗಳಿಗೆ ಮಾತ್ರ ಮಾಡಿಸಿ, ಗೋಡೆಯ ಮಾದರಿಗೆ ಸಾದಾ ಅಸ್ಸೇ ಸಾಕು.

38 ಗ್ರಾಂ ಬಂದ ಕಲ್ಲಿನ ವಿಷಯಕ್ಕೆ ಬರೋಣ. ಅದನ್ನು ಆರಿಸಿದ್ದು ಏಕೆ? ಅದರಲ್ಲಿ ಸಲ್ಫೈಡ್ (ಪೈರೈಟಿನಂಥ ಗಂಧಕದ ಖನಿಜ) ಹೊಳೆಯುತ್ತಿತ್ತು ಅಂತಲೇ ಅಲ್ಲವೇ? ಸಿರೆಯಲ್ಲಿ ಬಂಗಾರ ಇದೆ ಎಂಬುದಕ್ಕೆ ಅದು ಸಾಕ್ಷಿ, ಎಷ್ಟಿದೆ ಎಂಬುದಕ್ಕಲ್ಲ. ವರದಿಯಲ್ಲಿ ಅದನ್ನು 'ಆರಿಸಿದ ಮಾದರಿ' ಎಂದು ಬೇರೆ ಪಟ್ಟಿಯಲ್ಲಿ ಹಾಕಿ, ಸರಾಸರಿಗೆ ಸೇರಿಸಬೇಡಿ.

ಈಗ ಚಾನೆಲ್ ತೆಗೆಯುವ ಕ್ರಮ. ತಪ್ಪುಗಳು ಹುಟ್ಟುವುದೇ ಇಲ್ಲಿ. ಮೊದಲು ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮಣ್ಣು, ಪಾಚಿ, ಸಡಿಲ ಚೂರು ತೆಗೆಯಿರಿ. ಹಳೆ ಮಾದರಿಯ ಪುಡಿ ಅಂಟಿದ್ದರೆ ಅದೇ ಒಂದು ಕಳ್ಳಲೆಕ್ಕ. ಸಿರೆ ಓಡುವ ದಿಕ್ಕಿಗೆ ಅಡ್ಡಲಾಗಿ ಸೀಮೆಸುಣ್ಣದಿಂದ 10 ಸೆಂಟಿಮೀಟರ್ ಅಂತರದ ಎರಡು ಗೆರೆ ಎಳೆಯಿರಿ. ಎರಡರ ನಡುವೆ 5 ಸೆಂ.ಮೀ. ಆಳಕ್ಕೆ ಸಮನಾಗಿ ಉಳಿಯಿಂದ ಕಡಿಯಬೇಕು. ಡೈಮಂಡ್ ಬ್ಲೇಡಿನ ಕಟರ್ ಇದ್ದರೆ ಎರಡು ಗೆರೆಗಳನ್ನೂ ಮೊದಲು ಕೊಯ್ದುಕೊಂಡು ನಡುವಿನದನ್ನು ಎಬ್ಬಿಸಿದರೆ ಕೆಲಸ ಚೊಕ್ಕ. ಒಂದು ಮೀಟರ್ ಉದ್ದಕ್ಕೆ ಹೀಗೆ ಸುಮಾರು 13 ಕಿಲೋ ಕಲ್ಲು ಬರುತ್ತದೆ. ನಿಮ್ಮ ಚೀಲದಲ್ಲಿ 5 ಕಿಲೋ ಬಂದಿದ್ದರೆ ಎಲ್ಲೋ ಗಟ್ಟಿಯಾದ ಕಡೆ ಆಳ ಬಿಟ್ಟಿದ್ದೀರಿ ಎಂದರ್ಥ. ಇದೇ ಸಾಮಾನ್ಯ ತಪ್ಪು. ಬೆಣಚು ಗಟ್ಟಿ, ಉಳಿ ಜಾರುತ್ತದೆ. ಪಕ್ಕದ ಬಯೋಟೈಟ್ ಮೆದು, ಸಲಿಕೆಯಷ್ಟು ಉದುರುತ್ತದೆ. ಮೆದುವಾದದ್ದರಲ್ಲಿ ಬಂಗಾರ ಹೆಚ್ಚಿದ್ದರೆ ಅಂಕಿ ಮೇಲೆ, ಬೆಣಚಿನಲ್ಲಿ ಹೆಚ್ಚಿದ್ದರೆ ಕೆಳಗೆ.

ಕೆಳಗೆ ಹರಿಯದ ತಾಡಪಾಲು ಹಾಸಿ. ಪುಡಿಯನ್ನೂ ಗುಡಿಸಿ ಚೀಲಕ್ಕೆ ಹಾಕಬೇಕು, ಬಂಗಾರ ಎಷ್ಟೋ ಸಲ ಆ ಪುಡಿಯಲ್ಲೇ ಇರುತ್ತದೆ. ಸಿರೆ, ಅದರ ಮೇಲ್ಬದಿಯ ಹ್ಯಾಂಗಿಂಗ್ ವಾಲ್, ಕೆಳಬದಿಯ ಫುಟ್ ವಾಲ್ ಮೂರನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ಕಲ್ಲು ಬದಲಾದ ಕಡೆ ಮಾದರಿ ಮುಗಿಯಬೇಕು, ಟೇಪಿನಲ್ಲಿ ಮೀಟರ್ ತುಂಬಿದ ಕಡೆ ಅಲ್ಲ. ಹಾಗೆಂದು 25–30 ಸೆಂ.ಮೀ.ಗಿಂತ ಚಿಕ್ಕದು ಬೇಡ, ಒಂದು ಮೀಟರಿಗಿಂತ ಉದ್ದವೂ ಬೇಡ. ನಂಬರಿನ ಚೀಟಿ ಒಂದು ಚೀಲದ ಒಳಗೆ, ಒಂದು ಬಾಯಿಗೆ. ಒಳಗಿನದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಾಕದಿದ್ದರೆ ಕಲ್ಲಿನ ಚೂಪಿಗೆ ಹರಿದು ಹಿಟ್ಟಾಗುತ್ತದೆ. ಕೈಯಲ್ಲಿ ಉಂಗುರ ಇದ್ದರೆ ಬಿಚ್ಚಿಡಿ. ನಗಬೇಡಿ, ಬೆಣಚಿಗೆ ಉಜ್ಜಿದ ಉಂಗುರವೂ ವರದಿಯಲ್ಲಿ ಕಾಣಿಸಿಕೊಳ್ಳಬಲ್ಲದು.

ಅಗಲ ಅಳೆಯುವಾಗ ವಾಲಿಕೆ, ಅಂದರೆ ಸಿರೆ ನೆಲಮಟ್ಟದಿಂದ ಕೆಳಕ್ಕೆ ಇಳಿದ ಕೋನ, ನೋಡಿ. ಸಮತಟ್ಟು ನೆಲದಲ್ಲಿ ಅಡ್ಡಕ್ಕೆ 1.2 ಮೀಟರ್ ಕಂಡ ಸಿರೆ 60 ಡಿಗ್ರಿ ವಾಲಿದ್ದರೆ ಅದರ ನಿಜ ಅಗಲ 1.04 ಮೀಟರ್. ಅಡ್ಡಳತೆಯನ್ನು ವಾಲಿಕೆಯ ಸೈನ್‌ನಿಂದ ಗುಣಿಸಬೇಕು. ವಾಲಿಕೆ ಕಡಿಮೆಯಾದಷ್ಟೂ ಕಣ್ಣು ಹೆಚ್ಚು ಮೋಸ ಹೋಗುತ್ತದೆ.

ಪ್ರಯೋಗಾಲಯಕ್ಕೆ ಕಳಿಸುವ ಪ್ರತಿ ಇಪ್ಪತ್ತು ಮಾದರಿಗೆ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ಒಂದು, ಬಂಗಾರವಿಲ್ಲದ ಬ್ಲ್ಯಾಂಕ್ ಒಂದು, ನಕಲು ಮಾದರಿ ಒಂದು ಸೇರಿಸಿ. ಯಾವುದು ಯಾವುದೆಂದು ಅವರಿಗೆ ತಿಳಿಯದಂತೆ ನಂಬರ್ ಕೊಡಿ. ಬ್ಲ್ಯಾಂಕನ್ನು ಶ್ರೀಮಂತ ಎನಿಸಿದ ಮಾದರಿಯ ಬೆನ್ನಿಗೇ ಇಡಿ. ಅದರಲ್ಲಿ ಬಂಗಾರ ಬಂದರೆ ಗಿರಣಿ ತೊಳೆಯದೆ ಮುಂದಿನದನ್ನು ಹಾಕಿದ್ದಾರೆ.

ಸರಾಸರಿ ತೆಗೆಯುವುದರಲ್ಲೂ ಎಡವುತ್ತಾರೆ. ಹತ್ತು ಹತ್ತು ಮೀಟರ್ ಅಂತರದ ಮೂರು ಚಾನೆಲ್ ಇವೆ ಎನ್ನಿ: 40 ಸೆಂ.ಮೀ. ಅಗಲಕ್ಕೆ 12 ಗ್ರಾಂ, 80 ಸೆಂ.ಮೀ.ಗೆ 2 ಗ್ರಾಂ, 60 ಸೆಂ.ಮೀ.ಗೆ 3 ಗ್ರಾಂ. ಅಂಕಿಗಳನ್ನು ಸುಮ್ಮನೆ ಕೂಡಿಸಿ ಮೂರರಿಂದ ಭಾಗಿಸಿದರೆ 5.67. ಅದು ತಪ್ಪು. ಪ್ರತಿ ಅಂಕಿಯನ್ನು ಅದರ ಅಗಲದಿಂದ ಗುಣಿಸಿ, ಕೂಡಿಸಿ, ಒಟ್ಟು ಅಗಲದಿಂದ ಭಾಗಿಸಬೇಕು: 8.2 ಭಾಗಿಸು 1.8, ಅಂದರೆ 4.56 ಗ್ರಾಂ. ಸರಾಸರಿ ಅಗಲ 60 ಸೆಂ.ಮೀ. ಆದರೆ 60 ಸೆಂ.ಮೀ. ಸಂದಿನಲ್ಲಿ ನಿಂತು ಕೆಲಸ ಮಾಡಲಾಗದು. 1.2 ಮೀಟರ್ ಅಗಲಕ್ಕೆ ಒಡೆಯಬೇಕು ಎಂದಿಟ್ಟುಕೊಂಡು, ಗೋಡೆಯಲ್ಲಿ ಏನೂ ಇಲ್ಲದಿದ್ದರೆ ಮೇಲೆ ಬರುವ ಕಲ್ಲಿನಲ್ಲಿ ಇರುವುದು ಟನ್ನಿಗೆ 2.28 ಗ್ರಾಂ. 38ರಿಂದ ಶುರುವಾದ ಮಾತು ಎಲ್ಲಿಗೆ ಬಂತು ನೋಡಿ. ಗೋಡೆಯ ಮಾದರಿ ಬೇರೆ ತೆಗೆಯಿರಿ ಎಂದದ್ದೂ ಇದಕ್ಕೇ. ಅಲ್ಲಿ ಒಂದು ಗ್ರಾಂ ಇದ್ದರೂ ಈ ಅಂಕಿ 2.78 ಆಗುತ್ತದೆ.

ಮುಂದುವರಿದು 60 ಮೀಟರ್ ಉದ್ದ, 20 ಮೀಟರ್ ಆಳ ಎಂದು ಹಿಡಿದು, 2.7 ಸಾಂದ್ರತೆಯಿಂದ ಗುಣಿಸಿದರೆ ಸಿರೆಯಲ್ಲಿ 1,944 ಟನ್ ಕಲ್ಲು, ಅದರಲ್ಲಿ ಸುಮಾರು 8.9 ಕಿಲೋ ಬಂಗಾರ ಎಂದು ಕಾಗದದ ಮೇಲೆ ಬರುತ್ತದೆ. ಆದರೆ ನಿಮ್ಮ ಮೂರು ಚಾನೆಲ್‌ಗಳು ನಿಂತಿರುವುದು 20 ಮೀಟರ್ ಉದ್ದದಲ್ಲಿ, ಅದೂ ಮೇಲ್ಮೈಯಲ್ಲಿ. ಉಳಿದ 40 ಮೀಟರೂ ಆಳವೂ ಊಹೆ. ಆ ಅಂಕಿಯನ್ನು ಸದ್ಯಕ್ಕೆ ಮೇಲಧಿಕಾರಿಗಳಿಗೆ ಹೇಳದಿರುವುದೇ ಒಳ್ಳೆಯದು.

ವರದಿಗೆ ವಾರಗಟ್ಟಲೆ ಕಾಯುವ ಬದಲು ಹೊಲದಲ್ಲೇ ಒಂದು ಅಂದಾಜು ಸಿಗುತ್ತದೆ. ಎರಡು ಕಿಲೋ ಕಲ್ಲನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಸಣ್ಣ ರವೆಯಷ್ಟು ಮಾಡಿ ಮರಿಗೆಯಲ್ಲೋ ಪ್ಯಾನಿನಲ್ಲೋ ತೊಳೆಯಿರಿ. ಮೊದಲು ನೀರಿನೊಳಗೇ ಜೋರಾಗಿ ಅಲುಗಿಸಿ ಭಾರದ್ದನ್ನು ತಳಕ್ಕೆ ಇಳಿಸಬೇಕು. ಈ ಹಂತ ಬಿಟ್ಟು ನೇರ ಚೆಲ್ಲಲು ಶುರುಮಾಡುವವರೇ ಬಂಗಾರ ಕಳೆದುಕೊಳ್ಳುವುದು. ಕೊನೆಗೆ ಅರ್ಧ ಚಮಚ ಕರಿಮರಳು ಉಳಿದಾಗ ಒಂದು ಗುಟುಕು ನೀರು ಹಾಕಿ ಮೆಲ್ಲಗೆ ಸುತ್ತಿಸಿದರೆ ಮರಳು ಬಾಲದಂತೆ ಹರಡುತ್ತದೆ, ಅದರ ತುದಿಯಲ್ಲಿ ಹಿಂದೆ ಬಿದ್ದ ಹಳದಿ ಕಣ ಕಾಣುತ್ತದೆ. ಕಣ ಎಣಿಸಿ, ಲೆನ್ಸಿನಲ್ಲಿ ಗಾತ್ರ ನೋಡಿ ಬರೆದುಕೊಳ್ಳಿ. ಕಣ ದಪ್ಪವೋ ಸಣ್ಣದೋ ಎಂಬುದೂ ಇದರಿಂದಲೇ ಗೊತ್ತಾಗಿ, ಯಾವ ಅಸ್ಸೇ ಕೇಳಬೇಕೆಂದು ನಿರ್ಧರಿಸಬಹುದು. ಪಾದರಸ ಮಾತ್ರ ಹತ್ತಿರ ತರಬೇಡಿ. ಹಟ್ಟಿ ಭಾಗದ ಅದಿರಿನಲ್ಲಿ ಷೀಲೈಟ್ ಕೂಡ ಇರುವುದರಿಂದ, ಶಾರ್ಟ್‌ವೇವ್ ಅಲ್ಟ್ರಾವಯಲೆಟ್ ದೀಪವಿದ್ದರೆ ರಾತ್ರಿ ಆ ಕರಿಮರಳಿನ ಮೇಲೆ ಹಿಡಿದು ನೋಡಿ. ನೀಲಿಬಿಳುಪಾಗಿ ಬೆಳಗಿದರೆ ಅದು ಟಂಗ್‌ಸ್ಟನ್ನಿನ ಖನಿಜ.

ಪ್ರಶ್ನೆ: ಕಲ್ಲಿನ ಬಿರುಕಿನಲ್ಲಿ ಹಸಿರು ಬಣ್ಣ ಹಿಡಿದಿದೆ. ತಾಮ್ರವೇ?
– ಕೊಪ್ಪಳ

ಉತ್ತರ: ಕೊಪ್ಪಳ, ರಾಯಚೂರಿನ ಗ್ರಾನೈಟಿನಲ್ಲಿ ಹಸಿರು ಕಂಡರೆ ಅದು ಹೆಚ್ಚಾಗಿ ಎಪಿಡೋಟ್: ಪಿಸ್ತಾ ಹಸಿರು, ಗಟ್ಟಿ, ಚಾಕುವಿಗೆ ಗೀರು ಬೀಳುವುದಿಲ್ಲ. ತಾಮ್ರದ ಮ್ಯಾಲಕೈಟ್ ಇನ್ನೂ ಗಾಢ, ಗಿಳಿಹಸಿರು, ಚಾಕುವಿಗೆ ಸುಲಭವಾಗಿ ಕೆರೆಯುತ್ತದೆ. ಖಚಿತವಾಗಬೇಕಾದರೆ ಕೆರೆದ ಪುಡಿಯನ್ನು ಗಾಜಿನ ಲೋಟದಲ್ಲಿ ಹಾಕಿ, ನೀರು ಬೆರೆಸಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಹತ್ತು ಹನಿ ಬಿಡಿ. ಮ್ಯಾಲಕೈಟ್ ಆದರೆ ಗುಳ್ಳೆ ಏಳುತ್ತದೆ. ಮರಳುಕಾಗದದಲ್ಲಿ ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಮೊಳೆಯನ್ನು ಅದರಲ್ಲಿ ಕೆಲವು ನಿಮಿಷ ಅದ್ದಿ ತೆಗೆದರೆ ಮೊಳೆಗೆ ಕೆಂಪು ತಾಮ್ರದ ಲೇಪ ಕೂತಿರುತ್ತದೆ. ಜಿಂಕ್ ಲೇಪದ ಮೊಳೆ ಬೇಡ. ಆಮ್ಲವನ್ನು ಬ್ಲೀಚಿಂಗ್ ಪುಡಿಯ ಹತ್ತಿರ ಇಡಬೇಡಿ.

ಲೇಪ ಬಂದರೂ ಗಣಿ ಸಿಕ್ಕಿತು ಎಂದಲ್ಲ. ತಾಮ್ರ ನೀರಿನಲ್ಲಿ ಕರಗಿ ದೂರ ಹರಿದು ಬಣ್ಣ ಹಚ್ಚುತ್ತದೆ. ಒಂದು ಚಿಟಿಕೆ ತಾಮ್ರ ಇಡೀ ಬಂಡೆಯನ್ನು ಹಸಿರು ಮಾಡಬಲ್ಲದು. ಬಣ್ಣ ಶುರುವಾದ ಬಿರುಕನ್ನು ಹಿಡಿದು ಮೇಲಕ್ಕೆ ಹೋಗಿ ತಾಮ್ರದ ಅದಿರಾದ ಚಾಲ್ಕೋಪೈರೈಟ್ ಕಾಣುತ್ತದೆಯೇ ನೋಡಬೇಕು.

ಪ್ರಶ್ನೆ: ಮಸ್ಕಿಯ ಅಶೋಕನ ಶಾಸನಕ್ಕೂ ಬಂಗಾರಕ್ಕೂ ಸಂಬಂಧ ಇದೆ ಎನ್ನುತ್ತಾರೆ. ನಿಜವೇ?
– ಶಿಕ್ಷಕರು, ಮಸ್ಕಿ

ಉತ್ತರ: ಶಾಸನ ಪತ್ತೆಯಾದದ್ದಕ್ಕೂ ಬಂಗಾರಕ್ಕೂ ಸಂಬಂಧ ಖಂಡಿತ ಇದೆ. 1915ರಲ್ಲಿ ಅದನ್ನು ಗುರುತಿಸಿದ ಸಿ. ಬೀಡನ್ ಬಂಗಾರದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸಿಕ್ಕಿದ್ದು ಅಲ್ಲಿಂದ. ಶಾಸನದ ಪಠ್ಯದಲ್ಲಿ ಮಾತ್ರ ಬಂಗಾರದ ಸುದ್ದಿ ಇಲ್ಲ. ಹಟ್ಟಿಯ ಹಳೆ ಸುರಂಗಗಳಲ್ಲಿ ಸಿಕ್ಕ ಮರದ ಇಂಗಾಲ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯುತ್ತದೆ, ಆ ಅಗೆತ ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಸೌದೆ ಒಟ್ಟಿ ಬೆಂಕಿ ಹಾಕಿ ಬಂಡೆ ಬಿರಿಸುತ್ತಿದ್ದರು. ಮೌರ್ಯರು ಇಲ್ಲಿಗೆ ಬಂದದ್ದು ಬಂಗಾರಕ್ಕಾಗಿಯೇ ಎಂಬುದು ಒಪ್ಪುವಂಥ ಊಹೆ, ಆದರೆ ಮಕ್ಕಳಿಗೆ ಊಹೆ ಎಂದೇ ಹೇಳಿ.

ಪ್ರಶ್ನೆ: ನಮ್ಮ ಪರವಾನಗಿ ಬ್ಲಾಕಿನ ಅರ್ಧ ಭಾಗ ಎರೆಭೂಮಿ. ಮೇಲೆ ಬಿಡಿ ಬೆಣಚು ಚೂರುಗಳು ಮಾತ್ರ ಕಾಣುತ್ತವೆ. ಟ್ರೆಂಚ್ (ಉದ್ದ ಕಂದಕ) ಎಲ್ಲಿ ತೋಡಬೇಕು, ಬೋರ್‌ಹೋಲ್ ಎಲ್ಲಿ ಹಾಕಬೇಕು?
– ಸಿಂಧನೂರು

ಉತ್ತರ: ಚೂರುಗಳ ಅಂಚು ನೋಡಿ. ಚೂಪಾಗಿದ್ದರೆ ತಾಯಿಕಲ್ಲು ಹತ್ತಿರ, ನುಣುಪಾಗಿ ದುಂಡಗಿದ್ದರೆ ಹಳ್ಳ ಎಲ್ಲಿಂದಲೋ ತಂದದ್ದು. ಐದು ಮೀಟರ್ ಚೌಕದಲ್ಲಿ ಎಷ್ಟು ಚೂರು ಎಂದು ಎಣಿಸಿ ನಕ್ಷೆಗೆ ಹಾಕುತ್ತ ಇಳಿಜಾರಿನ ಮೇಲ್ಮುಖವಾಗಿ ನಡೆಯಿರಿ. ಚೂರು ಒಮ್ಮೆಲೇ ನಿಂತ ಗೆರೆಯಿಂದ ತುಸು ಮೇಲೆಯೇ ಸಿರೆ. ರೈತರು ಬದುವಿಗೆ ಆಯ್ದು ಹಾಕಿದ ಕಲ್ಲನ್ನು ಮಾತ್ರ ಎಣಿಸಬೇಡಿ, ಅದು ಇಡೀ ಹೊಲದ್ದು.

ಹಟ್ಟಿ ಭಾಗದ ಸಿರೆಗಳು ಹೆಚ್ಚಾಗಿ ಉತ್ತರ–ವಾಯವ್ಯಕ್ಕೆ ಓಡಿ ಪಶ್ಚಿಮಕ್ಕೆ ಕಡಿದಾಗಿ ವಾಲಿರುತ್ತವೆ. ನಿಮ್ಮಲ್ಲೂ ಹಾಗೇ ಇದ್ದರೆ ಟ್ರೆಂಚ್ ಪೂರ್ವ–ಪಶ್ಚಿಮವಾಗಿ, 20–25 ಮೀಟರಿಗೆ ಒಂದು, ಒಂದು ಮೀಟರ್ ಅಗಲ. ಎರೆ, ಅದರ ಕೆಳಗಿನ ಸುಣ್ಣದ ಹರಳು, ಗರಸು ದಾಟಿ ಜಾಗ ಕದಲದ ಕಲ್ಲು ಮುಟ್ಟಬೇಕು. ಮೇಲಿನ ಅರ್ಧ ಮೀಟರಿನಲ್ಲಿ ಕಂಡ ವಾಲಿಕೆ ಬರೆದುಕೊಂಡು ಕೆಟ್ಟವರು ಬಹಳ. ಸಡಿಲವಾದ ಸಿರೆಯ ತಲೆ ಮಣ್ಣಿನೊಂದಿಗೆ ಇಳಿಜಾರಿಗೆ ಬಾಗಿ, ಪಶ್ಚಿಮಕ್ಕೆ ವಾಲಿದ್ದು ಪೂರ್ವಕ್ಕೆ ವಾಲಿದಂತೆ ಕಾಣುತ್ತದೆ. ಒಂದೂವರೆ ಮೀಟರಿಗಿಂತ ಆಳ ಹೋದರೆ ಎರೆಮಣ್ಣಿನ ಗೋಡೆಗೆ ಹಲಗೆ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ. ಒಣಗಿದ ಎರೆ ಬಿರುಕು ಬಿಟ್ಟು ಸದ್ದಿಲ್ಲದೆ ಹೋಳಾಗಿ ಬೀಳುತ್ತದೆ. ತೋಡಿದ ಮಣ್ಣು ಅಂಚಿನಿಂದ ಒಂದೂವರೆ ಮೀಟರಾದರೂ ದೂರ ಇರಲಿ.

ಜಾಗ ಗುರುತಿಗೆ ಮೊಬೈಲ್ ಜಿಪಿಎಸ್ ಸಾಲದು, ಅದರ ತಪ್ಪೇ ಐದು ಮೀಟರ್ ಇರಬಹುದು. ಒಂದು ಗೂಟ ನೆಟ್ಟು ಅಲ್ಲಿಂದ ಟೇಪು, ದಿಕ್ಸೂಚಿಯಲ್ಲಿ ಅಳೆಯಿರಿ. ದಿಕ್ಸೂಚಿ ಹಿಡಿದಾಗ ಸುತ್ತಿಗೆ, ಮೊಬೈಲ್ ದೂರ. ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳಲ್ಲಾದರೆ ದಿಕ್ಸೂಚಿಯನ್ನೇ ನಂಬಬೇಡಿ, ಮ್ಯಾಗ್ನೆಟೈಟ್ ಇದ್ದ ಕಡೆ ಮುಳ್ಳು ತನ್ನಿಷ್ಟದಂತೆ ತಿರುಗುತ್ತದೆ.

ಬೋರ್‌ಹೋಲನ್ನು ಸಿರೆ ವಾಲಿದ ಕಡೆಯಿಂದ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಓರೆಯಾಗಿ ಹಾಕಬೇಕು. ಲೆಕ್ಕ ಹೀಗೆ: ಸಿರೆಯ ವಾಲಿಕೆ 65 ಡಿಗ್ರಿ, 40 ಮೀಟರ್ ಆಳದಲ್ಲಿ ಹೊಡೆಯಬೇಕು. ಆ ಆಳದಲ್ಲಿ ಸಿರೆ ನೆಲದ ಮೇಲಿನ ಗುರುತಿನಿಂದ 18.7 ಮೀಟರ್ ಪಶ್ಚಿಮಕ್ಕೆ ಸರಿದಿರುತ್ತದೆ. ಹೋಲ್ ನೆಲಮಟ್ಟದಿಂದ 50 ಡಿಗ್ರಿ ಓರೆಯಿದ್ದರೆ ಅಷ್ಟು ಇಳಿಯುವಷ್ಟರಲ್ಲಿ 33.6 ಮೀಟರ್ ಪೂರ್ವಕ್ಕೆ ಹೋಗುತ್ತದೆ. ಎರಡೂ ಕೂಡಿಸಿ ಯಂತ್ರವನ್ನು 52 ಮೀಟರ್ ಪಶ್ಚಿಮಕ್ಕೆ ನಿಲ್ಲಿಸಿ. ಸಿರೆ ಸಿಗುವುದು 52 ಮೀಟರ್ ಕೊರೆದಾಗ. ಅಲ್ಲಿಗೇ ನಿಲ್ಲಿಸದೆ ಇನ್ನೂ ಹದಿನೈದು ಮೀಟರ್ ಹೋಗಿ. ವಾಲಿಕೆ ಐದು ಡಿಗ್ರಿ ಹೆಚ್ಚುಕಡಿಮೆ ಆದರೂ ತಪ್ಪಿಹೋಗಬಾರದು, ಪಕ್ಕದಲ್ಲಿ ಇನ್ನೊಂದು ಸಿರೆ ಇದ್ದರೆ ಅದೂ ಕಾಣಬೇಕು. 60 ಸೆಂ.ಮೀ. ನಿಜ ಅಗಲದ ಸಿರೆ ಈ ಕೋನದಲ್ಲಿ ಕೋರಿನಲ್ಲಿ (ಕೊರೆದು ಹೊರತೆಗೆದ ಕಲ್ಲಿನ ಕೋಲಿನಲ್ಲಿ) 66 ಸೆಂ.ಮೀ. ಕಾಣುತ್ತದೆ.

ಸಿರೆಯ ಹತ್ತಿರ ಬರುತ್ತಲೇ ಡ್ರಿಲ್ಲರಿಗೆ ಹೇಳಿ ಒಂದೊಂದು ಸಲಕ್ಕೆ ಒಂದು ಮೀಟರಿಗಿಂತ ಹೆಚ್ಚು ಎಳೆಯದಂತೆ, ನೀರಿನ ಒತ್ತಡ ತಗ್ಗಿಸುವಂತೆ ನೋಡಿಕೊಳ್ಳಿ. ಸಿರೆಯಂಚಿನ ಜೇಡಿಯಂಥ ಪುಡಿ ನೀರಿನಲ್ಲಿ ತೊಳೆದುಹೋದರೆ ಪೆಟ್ಟಿಗೆಯಲ್ಲಿ ಬಿಳಿ ಬೆಣಚು ಮಾತ್ರ ಉಳಿಯುತ್ತದೆ. ಅಂಥ ಕಡೆ ಕೋರ್ ಶೇಕಡಾ 90ಕ್ಕಿಂತ ಕಡಿಮೆ ಬಂದಿದ್ದರೆ ಅಸ್ಸೇ ಅಂಕಿಯ ಪಕ್ಕದಲ್ಲೇ ಅದನ್ನೂ ಬರೆಯಿರಿ.

ಪ್ರಶ್ನೆ: ಬೆಣಚುಕಲ್ಲು ಉಪಖನಿಜ ಅಲ್ಲವೇ? ಈಗ ನಿಯಮ ಬದಲಾಗಿದೆ ಎಂಬ ಮಾತಿದೆ.
– ಗಂಗಾವತಿ

ಉತ್ತರ: ಬದಲಾಗಿದೆ. 2015ರ ಫೆಬ್ರುವರಿಯಲ್ಲಿ ಉಪಖನಿಜದ (ಮರಳು, ಜಲ್ಲಿಯಂಥ, ರಾಜ್ಯವೇ ನಿಯಮ ಮಾಡುವ ಖನಿಜಗಳ) ಪಟ್ಟಿಗೆ ಸೇರಿದ್ದ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ, ಬೆರೈಟ್ ನಾಲ್ಕನ್ನೂ 2025ರ ಫೆಬ್ರುವರಿ 20ರ ಅಧಿಸೂಚನೆ ಮತ್ತೆ ಪ್ರಧಾನ ಖನಿಜ ಮಾಡಿತು. ಪೆಗ್ಮಟೈಟಿನಲ್ಲಿ (ದೊಡ್ಡ ಹರಳುಗಳ, ಗ್ರಾನೈಟಿನಂಥ ಕಲ್ಲಿನಲ್ಲಿ) ಬೆಣಚು, ಫೆಲ್ಡ್‌ಸ್ಪಾರ್ ಜೊತೆಗೇ ಲಿಥಿಯಂ, ಟ್ಯಾಂಟಲಂನಂಥವು ಇರುತ್ತವೆ, ಉಪಖನಿಜದ ಲೆಕ್ಕದಲ್ಲಿ ಅವು ದಾಖಲಾಗದೆ ಹೋಗುತ್ತಿದ್ದವು ಎಂಬುದು ಕಾರಣ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಸುತ್ತ ಲಿಥಿಯಂ ಹುಡುಕಾಟ ನಡೆದಿರುವುದೂ ಪೆಗ್ಮಟೈಟಿನಲ್ಲೇ. ಫೆಲ್ಡ್‌ಸ್ಪಾರ್ ಎಂದುಕೊಂಡ ಕಲ್ಲು ಕೈಗೆ ಭಾರವೆನಿಸಿ, ಉದ್ದುದ್ದ ಸಿಬಿರಾಗಿ ಒಡೆದರೆ ಲಿಥಿಯಂನ ಖನಿಜವಾದ ಸ್ಪಾಡ್ಯುಮೀನ್ ಇರಬಹುದು, ಪರೀಕ್ಷೆಗೆ ಕೊಡಿ. ಸಂಡೂರು ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ವಿಭಾಗವಿದೆ, ಅಲ್ಲಿ ವಿಚಾರಿಸಬಹುದು.

ಪ್ರಶ್ನೆ: ನಮ್ಮ ಪರವಾನಗಿ ಜಾಗದಲ್ಲಿ ಹಳೆಕಾಲದ ಗುಂಡಿಗಳಿವೆ. ಒಳಗಿಳಿದು ಮಾದರಿ ತರಬಹುದೇ? ಕಲ್ಲು ಕಡಿಯುವಾಗ ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಕೇ?
– ಲಿಂಗಸುಗೂರು

ಉತ್ತರ: ಎರಡಕ್ಕೂ ಇಲ್ಲ. ಹಳೆ ಗುಂಡಿಯ ತಳದಲ್ಲಿ ಆಮ್ಲಜನಕ ತೆಳುವಾಗಿ ಇಂಗಾಲದ ಡೈ ಆಕ್ಸೈಡ್ ಮಡುಗಟ್ಟಿರುತ್ತದೆ. ಇಳಿದವನಿಗೆ ಕೂಗುವಷ್ಟೂ ಸಮಯ ಸಿಗದು, ಎತ್ತಲು ಇಳಿದವನ ಗತಿಯೂ ಅದೇ. ಗುಂಡಿಯ ಬಾಯಿಯ ಸುತ್ತ ಹಿಂದಿನವರು ಎಸೆದ ಕಲ್ಲಿನ ರಾಶಿಯಿಂದ, ಮತ್ತು ಗುಂಡಿಗಳ ಸಾಲಿನ ಮುಂದುವರಿಕೆಯಲ್ಲಿ ಹೊಸ ಟ್ರೆಂಚ್ ತೋಡಿ ಮಾದರಿ ತೆಗೆಯಿರಿ. ರಾಶಿಯ ಕಲ್ಲು ಅವರು ಬೇಡವೆಂದು ಬಿಟ್ಟದ್ದು ಎಂಬುದು ಲೆಕ್ಕದಲ್ಲಿರಲಿ.

ಬೆಣಚಿನ ಕಣ್ಣಿಗೆ ಕಾಣದ ದೂಳೇ ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುವುದು, ಟವೆಲ್ ಅದನ್ನು ತಡೆಯುವುದಿಲ್ಲ. ಎನ್-95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಮೂಗಿನ ಮೇಲೆ ಸಂದಿಲ್ಲದೆ ಕೂರಬೇಕು. ಗಡ್ಡ ಬಿಟ್ಟವರಿಗೆ ಅದು ಸರಿಯಾಗಿ ಕೂರುವುದಿಲ್ಲ. ನೀರು ಬಿಟ್ಟುಕೊಂಡು ಕಡಿಯುವುದು ಒಳ್ಳೆಯದು, ಆದರೆ ಬಕೆಟ್‌ಗಟ್ಟಲೆ ಸುರಿದರೆ ಸಣ್ಣಕಣದ ಬಂಗಾರ ಆ ನೀರಿನೊಂದಿಗೆ ಹರಿದುಹೋಗುತ್ತದೆ. ಔಷಧಿ ಹೊಡೆಯಲು ಬಳಸದ ಹೊಸ ಕೈಪಂಪಿನಿಂದ ಮಂಜಿನಂತೆ ಸಿಂಪಡಿಸಿ, ತಾಡಪಾಲಿನ ಅಂಚನ್ನು ಮೇಲಕ್ಕೆ ಮಡಚಿ ತಟ್ಟೆಯಂತೆ ಮಾಡಿಕೊಳ್ಳಿ. ಅದರಲ್ಲಿ ನಿಂತ ಕೆಸರನ್ನು ನೆರಳಲ್ಲಿ ಒಣಗಿಸಿ, ಅದೇ ನಂಬರಿನ ಚೀಲಕ್ಕೇ ಸೇರಿಸಿ.